ಪಿಕಪ್ ವಾಹನದ ಹೊರೆಯೂ ಕಾನೂನಿನ ಮೇರೆಯೂ

ಮಂಡಿಗೆ ಟೊಮೆಟೊ ಕ್ರೇಟುಗಳನ್ನೋ ಕಟ್ಟಡದ ಕೆಲಸಕ್ಕೆ ಸಿಮೆಂಟಿನ ಮೂಟೆಗಳನ್ನೋ ಸಾಗಿಸುವ ಪಿಕಪ್ ವಾಹನಗಳ ಒಡೆಯರಲ್ಲಿ ಅನೇಕರು, ಹಿಂದಿನ ಆಕ್ಸಲಿನ ಮೇಲಣ ಕಮಾನು ಪಟ್ಟಿಗಳಿಗೆ ಇನ್ನೆರಡನ್ನು ಸೇರಿಸಿ ಬಿಗಿಸಿದರೆ ಹೊರೆಯ ಮೇರೆಯೂ ಅಷ್ಟಕ್ಕಷ್ಟೇ ಹಿಗ್ಗುವುದೆಂದು ನಂಬಿರುವರು. ಪಟ್ಟಿ ಹೆಚ್ಚಿದರೆ ಗಾಡಿಯ ಹಿಂಭಾಗ ಕುಸಿಯದೆ ನಿಲ್ಲುವುದೇನೋ ದಿಟ. ಆದರೆ ಆ ಹೊರೆಯನ್ನು ಇಳಿಜಾರಿನಲ್ಲಿ ತಡೆಹಿಡಿಯಬೇಕಾದ ಬ್ರೇಕು, ಅದನ್ನು ಹೊತ್ತು ಉರುಳಬೇಕಾದ ಟೈರು, ಆಕ್ಸಲು, ಚಾಸಿಗಳು ಮೊದಲಿದ್ದಂತೆಯೇ ಉಳಿಯುವುದರಿಂದ, ಅಪಾಯ ತಗ್ಗದೆ ಅದರ ಕುರುಹು ಮಾತ್ರ ಅಡಗುವುದು.

ಕಾನೂನಾದರೋ ಪಟ್ಟಿಗಳನ್ನು ಎಣಿಸುವುದಿಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮದ 113ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿ ನಮೂದಾದ ಒಟ್ಟು ತೂಕವನ್ನು ಮೀರಿದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ನಡೆಸಕೂಡದು. ಒಟ್ಟು ತೂಕ 3,000 ಕಿಲೋ, ಖಾಲಿ ತೂಕ 1,700 ಕಿಲೋ ಎಂದು ಬರೆದಿದ್ದರೆ ಉಳಿಯುವುದು 1,300 ಕಿಲೋ. ಖಾಲಿ ತೂಕದಲ್ಲಿ ಚಾಲಕನ ತೂಕ ಸೇರಿರದ ಕಾರಣ, ಅವನೂ ಕ್ಲೀನರೂ ಈ 1,300ರಲ್ಲೇ ಅಡಕವಾಗಬೇಕು. ಅದೇ ಪ್ರಕರಣವು ಖಾಲಿ ತೂಕವೂ ನಮೂದಿಗಿಂತ ಹೆಚ್ಚಿರಬಾರದೆನ್ನುವುದರಿಂದ, ಹೊಸ ಪಟ್ಟಿಗಳು ಹೊರೆಗೆ ಎಡೆಮಾಡಿಕೊಡುವ ಬದಲು ಇದ್ದ ಎಡೆಯನ್ನೇ ಕಬಳಿಸುವುವೆಂಬುದು ವಿನೋದವಾಗಿದೆ. ನೋಂದಣಿಯ ವಿವರಗಳು ತಯಾರಕನ ಮೂಲ ನಿರ್ದೇಶಕ್ಕೆ ಭಿನ್ನವಾಗುವಂಥ ಮಾರ್ಪಾಟನ್ನು 52ನೆಯ ಪ್ರಕರಣ ನಿಷೇಧಿಸುವುದು. ಅಂಥ ಪ್ರತಿಯೊಂದು ಮಾರ್ಪಾಟಿಗೂ ಒಡೆಯನಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಎರಡೂ ಉಂಟು.

ಅತಿಭಾರದ ಸಂಶಯಕ್ಕೆ ಕಾರಣವಿದ್ದಲ್ಲಿ ಅಧಿಕೃತ ಅಧಿಕಾರಿಯು ವಾಹನವನ್ನು ತೂಗಿಸಬಲ್ಲನು. ಆದರೆ ಎಲ್ಲಿಗಾದರೂ ಅಟ್ಟುವಂತಿಲ್ಲ. ತೂಕದ ಯಂತ್ರವು ಮುಂದಿನ ಮಾರ್ಗದಿಂದ 10 ಕಿಲೋಮೀಟರಿನೊಳಗೆ, ಅಥವಾ ತಲುಪಬೇಕಾದ ಸ್ಥಳದಿಂದ 20 ಕಿಲೋಮೀಟರಿನೊಳಗೆ ಇರತಕ್ಕದ್ದು. ಹೊರೆ ಇಳಿಸುವ ಆಜ್ಞೆಯು ಲಿಖಿತವಾಗಿರಬೇಕು. ಬಾಯಿಮಾತಿನ ಗದರಿಕೆ ಆಜ್ಞೆಯಾಗದು. ತೂಕದ ಚೀಟಿಯನ್ನು ಕೇಳಿ ಪಡೆದಿಟ್ಟುಕೊಳ್ಳುವುದು ಲೇಸು. ಮುಂದೆ ನ್ಯಾಯಾಲಯದಲ್ಲಿ ವಾದಿಸಬೇಕಾಗಿ ಬಂದರೆ ಅದಕ್ಕಿಂತ ದೊಡ್ಡ ಆಧಾರವಿರದು. ನಿಲ್ಲಿಸದೆ ಹೋಗುವುದು, ತೂಗಿಸಲು ಒಪ್ಪದಿರುವುದು ಮಾತ್ರ ಅವಿವೇಕ: ಅದಕ್ಕೆ 40,000 ರೂಪಾಯಿ ದಂಡ, ಅತಿಭಾರಕ್ಕಾದರೋ 20,000, ಮೇಲೆ ಹೆಚ್ಚುವರಿ ಟನ್ನೊಂದಕ್ಕೆ 2,000. 2019ರ ತಿದ್ದುಪಡಿಗೆ ಮುನ್ನ ಅತಿಭಾರದ ಈ ಎರಡು ಅಂಕಿಗಳು ಕ್ರಮವಾಗಿ 2,000 ಮತ್ತು 1,000 ಆಗಿದ್ದುವೆಂಬುದನ್ನು ನೆನೆದರೆ, ಹಳೆಯ ಲೆಕ್ಕಾಚಾರದ ಮೇಲೆ ಬಾಡಿಗೆ ಒಪ್ಪಿಕೊಳ್ಳುವವರ ಪಾಡು ತಿಳಿಯುವುದು.

ದಂಡವು ಚಾಲಕನ ತಲೆಗೇ ಬೀಳುವುದೆಂದು ಒಡೆಯನು ನಿಶ್ಚಿಂತನಾಗಿರಲಾಗದು. ಖಾಲಿ ತೂಕವೇ ನಮೂದನ್ನು ಮೀರಿದ್ದು, ಚಾಲಕನು ಬೇರೆಯವನಾಗಿದ್ದರೆ, ಅಪರಾಧವು ಒಡೆಯನ ಅರಿವಿನಿಂದ ಅಥವಾ ಆಜ್ಞೆಯಿಂದ ನಡೆಯಿತೆಂದು ನ್ಯಾಯಾಲಯವು ಊಹಿಸಬಹುದು. ದಂಡ ತೆತ್ತು ರಸೀದಿ ಪಡೆದೊಡನೆ ಅದೇ ಹೊರೆಯೊಂದಿಗೆ ಮುಂದೆ ಸಾಗಬಹುದೆಂಬ ಎಣಿಕೆಯೂ ಸಲ್ಲದು. ಶುಲ್ಕ ಪಡೆದು ಅತಿಭಾರಕ್ಕೆ ಹಾದಿ ಬಿಡುತ್ತಿದ್ದ ರಾಜ್ಯಗಳ ಪದ್ಧತಿಯನ್ನು ಸರ್ವೋಚ್ಚ ನ್ಯಾಯಾಲಯವು ಪರಮ್‌ಜಿತ್ ಭಾಸಿನ್ ಪ್ರಕರಣದಲ್ಲಿ 2005ರಲ್ಲಿಯೇ ತಳ್ಳಿಹಾಕಿದೆ. ಹೆಚ್ಚುವರಿ ಸರಕನ್ನು ಇಳಿಸಿದ ಹೊರತು ವಾಹನ ಕದಲುವಂತಿಲ್ಲ. ಇಳಿಸುವ ಖರ್ಚೂ, ಇಳಿಸಿದ ಸರಕಿನ ಹೊಣೆಯೂ ವಾಹನದವರದೇ.