ಬೆನ್ನುಹುರಿ ದ್ರವದಲ್ಲಿ ಪ್ರೋಟೀನ್ ಹೆಚ್ಚಿದೆ ಎಂದರೆ?

ಹೈದರಾಬಾದಿನ ಕಾಚಿಗುಡದಿಂದ ಬರೆದಿರುವ ಸೋದರಿಗೆ,

ಯಜಮಾನರ ವರದಿಯಲ್ಲಿ ಪ್ರೋಟೀನ್ 110 ಎಂದು ಕಂಡು ನೀವು ಗಾಬರಿಯಾಗಿರುವುದು ಸಹಜ. ವಯಸ್ಕರಲ್ಲಿ ಅದು ಡೆಸಿಲೀಟರಿಗೆ ಸುಮಾರು 15ರಿಂದ 45 ಮಿ.ಗ್ರಾಂ ಇರಬೇಕು. ಆದರೆ ಅದೊಂದೇ ಅಂಕಿ ಕಾಯಿಲೆಯ ಹೆಸರು ಹೇಳದು; ಪಕ್ಕದ ಸಾಲುಗಳನ್ನೂ ನೋಡಬೇಕು. ಜೊತೆಗೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಹೆಚ್ಚಿ, ಗ್ಲೂಕೋಸ್ ಇಳಿದಿದ್ದರೆ ಕ್ಷಯದ ಮೆನಿಂಜೈಟಿಸ್ ಶಂಕೆ ಬಲವಾಗುತ್ತದೆ. ಕಣಗಳು ಸಹಜವಿದ್ದು, ಕಾಲುಗಳು ಸೋಲುತ್ತಾ ಬಂದಿದ್ದರೆ ಗಿಲಾನ್-ಬಾರೆ ಸಿಂಡ್ರೋಮ್ ಎಂಬ ನರಗಳ ಕಾಯಿಲೆ ಇರಬಹುದು. ಹೀಗೆ ಕಣಗಳು ಹೆಚ್ಚದೆ ಪ್ರೋಟೀನ್ ಮಾತ್ರ ಏರುವುದು ಈ ಕಾಯಿಲೆಯಲ್ಲಿ 1916ರಲ್ಲೇ ವೈದ್ಯರು ಗುರುತಿಸಿದ ಲಕ್ಷಣ. ದ್ರವ ತೆಗೆಯಲು ಸೂಜಿ ಚುಚ್ಚುವಾಗ ರಕ್ತ ಬೆರೆತರೂ, ಮಧುಮೇಹವಿದ್ದರೂ ಪ್ರೋಟೀನ್ ಏರುವುದುಂಟು. ಪಂಜಗುಟ್ಟದ ನಿಮ್ಸ್ ಆಸ್ಪತ್ರೆಯ ನರರೋಗ ವಿಭಾಗಕ್ಕೆ ಪೂರ್ತಿ ವರದಿ, ದ್ರವ ತೆಗೆದ ದಿನದ ರಕ್ತದ ಸಕ್ಕರೆ ಅಂಕಿ ಎರಡನ್ನೂ ಒಯ್ಯಿರಿ. ಜ್ವರದೊಡನೆ ಮಂಪರು, ಉಸಿರಾಡಲು ಅಥವಾ ನುಂಗಲು ಕಷ್ಟ ಕಂಡರೆ ಒಂದು ಗಳಿಗೆಯೂ ಕಾಯದೆ ತುರ್ತು ಚಿಕಿತ್ಸೆಗೆ ಸೇರಿಸಿ.