ಗುಡ್ಡದ ಹೆಸರು, ಪೇಟೆಯ ಹೆಸರು: ಫರಂಗಿಪೇಟೆಯಿಂದ ಒಂದು ಸ್ಥಳನಾಮ ಪಾಠ

ಸ್ಥಳನಾಮಗಳ ಅಧ್ಯಯನವೆಂದರೆ ಊರಿನ ಹೆಸರನ್ನು ಬಿಡಿಸಿ ಅರ್ಥ ಹೇಳುವುದಷ್ಟೇ ಅಲ್ಲ. ಆ ಹೆಸರನ್ನು ಇಟ್ಟವರು ಯಾರು, ಯಾರನ್ನು ಕುರಿತು ಇಟ್ಟರು ಎಂದು ಕೇಳುವುದೂ ಅದರ ಭಾಗ. ದಕ್ಷಿಣ ಕನ್ನಡ ಜಿಲ್ಲೆಯ ಫರಂಗಿಪೇಟೆ ಇದಕ್ಕೊಂದು ಉತ್ತಮ ನಿದರ್ಶನ.

ಮಂಗಳೂರಿನಿಂದ ಬಂಟ್ವಾಳಕ್ಕೆ ಹೋಗುವ ದಾರಿಯಲ್ಲಿ, ನೇತ್ರಾವತಿಯ ದಡದಲ್ಲಿ ಈ ಪೇಟೆಯಿದೆ. ಅಲ್ಲಿಯ ಗುಡ್ಡದ ಮೇಲೆ ಕಥೋಲಿಕ ಸನ್ಯಾಸಿಗಳ ಆಶ್ರಮವಿದೆ. ಪೋರ್ಚುಗೀಸರ ಕಾಲದಲ್ಲಿ ಬಂದ ಫ್ರಾನ್ಸಿಸ್ಕನ್ ಸನ್ಯಾಸಿಗಳು ಅದನ್ನು ‘ಮೋಂತೆ ಮರಿಯಾನೊ’ ಎಂದು ಕರೆದರು. ‘ಮೋಂತೆ’ ಎಂದರೆ ಗುಡ್ಡ. ಇಡಿಯ ಹೆಸರಿಗೆ ‘ಮೇರಿ ಮಾತೆಯ ಗುಡ್ಡ’ ಎಂದರ್ಥ. ಈಗ ಅಲ್ಲಿರುವವರು ಅದೇ ಪರಂಪರೆಯ ಕಪುಚಿನ್ ಸನ್ಯಾಸಿಗಳು.

ಗುಡ್ಡದ ಹೆಸರು ಅಲ್ಲಿ ನೆಲೆಸಿದವರು ಇಟ್ಟುಕೊಂಡದ್ದು. ಕೆಳಗಿನ ಪೇಟೆಯದು ನೋಡುವವರು ಇಟ್ಟದ್ದು. ಯುರೋಪಿನ ‘ಫ್ರಾಂಕ್’ ಜನಾಂಗದ ಹೆಸರು ಅರಬ್ಬಿ, ಪಾರಸಿ ಭಾಷೆಗಳ ಮೂಲಕ ‘ಫರಂಗಿ’ಯಾಗಿ ನಮ್ಮಲ್ಲಿಗೆ ಬಂದಿತು. ಬಂದ ಮೇಲೆ ಅದು ಮನುಷ್ಯರಿಗಷ್ಟೇ ಅಂಟಿಕೊಳ್ಳಲಿಲ್ಲ. ಕನ್ನಡದಲ್ಲಿ ತೋಪಿಗೆ ‘ಫಿರಂಗಿ’ ಎಂದೆವು. ಅಮೆರಿಕ ಮೂಲದ ಪಪ್ಪಾಯಿಗೆ ‘ಪರಂಗಿ ಹಣ್ಣು’ ಎಂದೆವು. ಮರಾಠಿಯಲ್ಲಿ ‘ಫಿರಂಗ’ ಎಂದರೆ ನೀಳವಾದ ಖಡ್ಗ. 16ನೆಯ ಶತಮಾನದ ‘ಭಾವಪ್ರಕಾಶ’ವೆಂಬ ವೈದ್ಯಗ್ರಂಥದಲ್ಲಿ ‘ಫಿರಂಗ’ ಒಂದು ರೋಗದ ಹೆಸರು. ಆಯುಧ, ಹಣ್ಣು, ರೋಗ ಮೂರಕ್ಕೂ ಒಂದೇ ಪದ! ಹೊರಗಿನವನೆಂದು ಒಮ್ಮೆ ಕರೆದ ಬಳಿಕ ಒಳಿತೂ ಕೆಡುಕೂ ಆ ಒಂದೇ ಹೆಸರಿನಡಿ ಸೇರಿಬಿಡುತ್ತವೆ.

ಆದರೆ ಗುಡ್ಡದ ಹೆಸರು ಬೇರೊಂದು ದಾರಿ ಹಿಡಿಯಿತು. ಕರಾವಳಿಯ ಕೊಂಕಣಿ ಕಥೋಲಿಕರು ಸೆಪ್ಟೆಂಬರ್ 8ರಂದು ಮೇರಿಯ ಜನ್ಮದಿನವನ್ನೂ ಹೊಸ ಭತ್ತದ ತೆನೆಯ ಹಬ್ಬವನ್ನೂ ಕೂಡಿಯೇ ಆಚರಿಸುತ್ತಾರೆ. ಅದರ ಹೆಸರು ‘ಮೊಂತಿ ಫೆಸ್ತ್’. 1763ರಲ್ಲಿ ಜೋಕಿಮ್ ಮಿರಾಂದ ಎಂಬ ಗೋವೆಯ ಪಾದ್ರಿ ಇದನ್ನು ಈ ಗುಡ್ಡದಲ್ಲಿಯೇ ಆರಂಭಿಸಿದರೆಂಬುದು ಪರಂಪರೆಯ ಮಾತು. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕಥೋಲಿಕರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆಯಬೇಕಾಯಿತು. ಅನೇಕ ಇಗರ್ಜಿಗಳು ನೆಲಸಮವಾದವು. ಹಬ್ಬ ಮಾತ್ರ ಉಳಿಯಿತು. ಮಕ್ಕಳು ಹೂ ತರುತ್ತಾರೆ, ತೆನೆಗೆ ಆಶೀರ್ವಾದವಾಗುತ್ತದೆ, ಮನೆಮಂದಿ ಕೂಡಿ ಹೊಸಕ್ಕಿ ಉಣ್ಣುತ್ತಾರೆ. ಪರಭಾಷೆಯ ‘ಗುಡ್ಡ’ ಈ ನೆಲದ ಬೆಳೆಯ ಹಬ್ಬವಾಯಿತು. ‘ಮೊಂತಿ’ ಎನ್ನುವಾಗ ಗುಡ್ಡದ ಅರ್ಥ ಎಷ್ಟು ಜನರಿಗೆ ನೆನಪಾದೀತು?

ನಮ್ಮ ಗಡಿಸೀಮೆಯಲ್ಲೂ ಇಂತಹದೇ ಒಂದು ಪದವಿದೆ. ಕನ್ನಡಿಗರು ಎಳ್ಳ ಅಮಾವಾಸ್ಯೆಯಂದು ಹೊಲಕ್ಕೆ ಚರಗ ಚೆಲ್ಲುತ್ತಾರೆ. ಅದೇ ದಿನ ಅದೇ ಪೂಜೆಯನ್ನು ಮಾಡುವ ಮರಾಠಿ ಒಕ್ಕಲಿಗರು ಅದನ್ನು ‘ವೇಳ ಅಮಾವಾಸ್ಯಾ’ ಎನ್ನುತ್ತಾರೆ. ‘ಎಳ್ಳು’ ‘ವೇಳ’ವಾದಾಗ ಪದದ ಅರ್ಥ ಜಾರಿತು, ಹಬ್ಬ ಜಾರಲಿಲ್ಲ. ಎರಡೂ ಭಾಷೆಗಳಲ್ಲಿ ಓದಿದ ನನ್ನಂಥವರಿಗೆ ಇದು ತಪ್ಪು ಉಚ್ಚಾರವೆನಿಸದೆ, ನೆರೆಹೊರೆಯ ಬಾಳ್ವೆಯ ಗುರುತೆನಿಸುತ್ತದೆ.

ಆದ್ದರಿಂದ ಹೆಸರುಗಳನ್ನು ‘ಶುದ್ಧ’ಗೊಳಿಸುವ ಉತ್ಸಾಹದ ವಿಷಯದಲ್ಲಿ ನಾವು ಎಚ್ಚರದಿಂದಿರಬೇಕು. ಮಂಡ್ಯ ಜಿಲ್ಲೆಯ ‘ಫ್ರೆಂಚ್ ರಾಕ್ಸ್’ ಇಂದು ಪಾಂಡವಪುರ. ಅಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರೆಂಬುದನ್ನು ಹೊಸ ಹೆಸರು ಹೇಳಲಾರದು. ಅಕ್ಕಲಕೋಟ ತಾಲೂಕಿನ ನಾಗಣಸೂರ, ಜೇವೂರಗಳ ಕೊನೆಯಲ್ಲಿರುವ ‘ಊರು’ ನಮ್ಮ ನುಡಿಯ ಹಳೆಯ ಹೆಜ್ಜೆಗುರುತು; ಹಾಗೆಯೇ ‘ಕೋಟ’ ಮತ್ತು ‘ಕೋಟೆ’, ‘ಪೇಠ’ ಮತ್ತು ‘ಪೇಟೆ’ ಎರಡೂ ಮನೆಯ ಸೊತ್ತು.

ವಿದ್ಯಾರ್ಥಿಗಳಿಗೆ ಅಭ್ಯಾಸ: ನಿಮ್ಮೂರಿನ ಹೊಲ, ಬಾವಿ, ಹಳ್ಳ, ದಿಬ್ಬಗಳ ಹತ್ತು ಹೆಸರುಗಳನ್ನು ಹಿರಿಯರಿಂದ ಕೇಳಿ, ಅವರು ಉಚ್ಚರಿಸಿದಂತೆಯೇ ಬರೆದುಕೊಳ್ಳಿರಿ. ಸರಕಾರಿ ಕಾಗದದಲ್ಲಿ ಅದೇ ಸ್ಥಳಕ್ಕೆ ಬೇರೆ ಹೆಸರಿದ್ದರೆ ಅದನ್ನೂ ಪಕ್ಕದಲ್ಲಿ ಬರೆಯಿರಿ. ಯಾವುದನ್ನೂ ತಿದ್ದಬೇಡಿರಿ. ಎರಡು ಹೆಸರುಗಳ ನಡುವಿನ ಅಂತರದಲ್ಲಿಯೇ ಊರಿನ ಚರಿತ್ರೆ ಅಡಗಿರುತ್ತದೆ.