ಜಾಲತಾಣದ ಸುದ್ದಿ ಮತ್ತು ಮುಂಬೈ ಕನ್ನಡ ಸಂಶೋಧನೆ: ಫೀಡ್‌ಗಳ ಬಳಕೆ

ಮುಂಬೈ ಕನ್ನಡಿಗರ ಸಾಂಸ್ಕೃತಿಕ ಬದುಕನ್ನು ಅಭ್ಯಸಿಸುವವರಿಗೆ ಪತ್ರಿಕೆಗಳು ಪ್ರಧಾನ ಆಕರಗಳಾಗಿವೆ. ಮೈಸೂರು ಅಸೋಸಿಯೇಶನ್ನಿನ ‘ನೇಸರು’, ಕರ್ನಾಟಕ ಸಂಘದ ‘ಸ್ನೇಹಸಂಬಂಧ’, ಬಿಲ್ಲವರ ಅಸೋಸಿಯೇಶನ್ನಿನ ‘ಅಕ್ಷಯ’, ‘ಮೊಗವೀರ’ ಮೊದಲಾದ ಮಾಸಿಕಗಳು, ‘ಕರ್ನಾಟಕ ಮಲ್ಲ’ ದಿನಪತ್ರಿಕೆ ಹಾಗೂ ‘ಉದಯವಾಣಿ’ಯ ಮುಂಬೈ ಆವೃತ್ತಿ ಇಲ್ಲಿನ ನಾಟಕ, ಯಕ್ಷಗಾನ, ಸಾಹಿತ್ಯಗೋಷ್ಠಿಗಳ ವಿವರಗಳನ್ನು ದಾಖಲಿಸಿವೆ. ಮಾಟುಂಗಾದಿಂದ ಡೊಂಬಿವಲಿ, ವಸಾಯಿ, ನವಿ ಮುಂಬೈಗಳವರೆಗೆ ಹಂಚಿಹೋಗಿರುವ ಜನಸಮುದಾಯವು ಒಂದೆಡೆ ಕಾಣಸಿಗುವುದು ಇಂತಹ ಪುಟಗಳಲ್ಲಿ. ಈಚಿನ ದಶಕಗಳಲ್ಲಿ ಈ ಸುದ್ದಿಯ ಗಣನೀಯ ಭಾಗ ಜಾಲತಾಣಗಳಿಗೆ ಸಾಗಿದೆ. ಅಚ್ಚಿನ ಪತ್ರಿಕೆ ಮನೆಬಾಗಿಲಿಗೆ ಬರುತ್ತಿತ್ತು. ಜಾಲತಾಣವನ್ನಾದರೋ ಓದುಗನೇ ಹುಡುಕಿಕೊಂಡು ಹೋಗಬೇಕು. ಈ ತೊಡಕಿಗೆ ಫೀಡ್ ಒಂದು ಪರಿಹಾರವಾಗಿದೆ.

ಫೀಡ್ ಎಂಬುದು ಜಾಲತಾಣವೊಂದು ತನ್ನ ಹೊಸ ಬರಹಗಳ ವಿವರಗಳನ್ನು ಕ್ರಮವಾಗಿ ಜೋಡಿಸಿಡುವ ಒಂದು ಕಡತ. ಅದರಲ್ಲಿ ಸಾಮಾನ್ಯವಾಗಿ ಬರಹದ ಶೀರ್ಷಿಕೆ, ಜಾಲವಿಳಾಸ, ದಿನಾಂಕ ಮತ್ತು ಸಾರಾಂಶ ಇರುತ್ತವೆ. ಫೀಡ್ ರೀಡರ್ ಎಂಬ ತಂತ್ರಾಂಶವು ಓದುಗ ಆರಿಸಿದ ಫೀಡ್‌ಗಳನ್ನು ಆಗಾಗ ಪರಿಶೀಲಿಸಿ, ಹೊಸದಾಗಿ ಸೇರಿದ್ದನ್ನು ಒಂದೇ ಪುಟದಲ್ಲಿ ತೋರಿಸುತ್ತದೆ. 1999ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ರಾಮನಾಥನ್ ಗುಹಾ ಮತ್ತು ಡಾನ್ ಲಿಬ್ಬಿ ಅವರು ಆರ್‌ಎಸ್‌ಎಸ್ ಎಂಬ ಮೊದಲ ರೂಪವನ್ನು ಸಿದ್ಧಪಡಿಸಿದರು. 2002ರಲ್ಲಿ ಆರ್‌ಎಸ್‌ಎಸ್ 2.0 ಹೊರಬಂದಿತು, 2005ರಲ್ಲಿ ಆಟಮ್ ಎಂಬ ಇನ್ನೊಂದು ರೂಪವು ಅಂತರಜಾಲದ ಮಾನಕವಾಗಿ ಪ್ರಕಟವಾಯಿತು. ವರ್ಡ್‌ಪ್ರೆಸ್, ಬ್ಲಾಗರ್‌ಗಳಲ್ಲಿ ರಚಿತವಾದ ತಾಣಗಳಲ್ಲಿ ಫೀಡ್ ತಾನಾಗಿಯೇ ಸಿದ್ಧವಾಗುತ್ತದೆ.

ಕನ್ನಡಕ್ಕೆ ಇದರ ಪ್ರಯೋಜನ ತಡವಾಗಿ ದೊರೆಯಿತು. ಆರಂಭದ ಕನ್ನಡ ಸುದ್ದಿತಾಣಗಳಲ್ಲಿ ಹಲವು ತಮ್ಮದೇ ಆದ ಅಕ್ಷರವಿನ್ಯಾಸವನ್ನು ಬಳಸುತ್ತಿದ್ದವು. ಅಲ್ಲಿ ಕನ್ನಡ ಅಕ್ಷರವು ರೋಮನ್ ಸಂಕೇತಗಳ ರೂಪದಲ್ಲಿ ಸಂಗ್ರಹವಾಗಿದ್ದು, ಆಯಾ ಫಾಂಟಿನ ನೆರವಿನಿಂದ ಮಾತ್ರ ಕನ್ನಡವಾಗಿ ಕಾಣುತ್ತಿತ್ತು. ಫೀಡ್ ಸಾಗಿಸುವುದು ಪಠ್ಯವನ್ನೇ ಹೊರತು ಫಾಂಟನ್ನಲ್ಲ. ಆದುದರಿಂದ ಅಂತಹ ಪಠ್ಯ ರೀಡರಿನಲ್ಲಿ ಅರ್ಥಹೀನ ಚಿಹ್ನೆಗಳ ಸಾಲಾಗುತ್ತಿತ್ತು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, 2001ರ ವಿಂಡೋಸ್ ಎಕ್ಸ್‌ಪಿಯ ಅನಂತರವೇ ಅದು ಸಾಮಾನ್ಯ ಗಣಕಗಳನ್ನು ತಲುಪಿತು. ಯೂನಿಕೋಡಿನಿಂದಾಗಿ ಕನ್ನಡ, ಮರಾಠಿ, ಇಂಗ್ಲಿಷ್ ಸುದ್ದಿಗಳನ್ನು ಒಂದೇ ರೀಡರಿನಲ್ಲಿ ಓದುವುದು ಸಾಧ್ಯವಾಯಿತು. ಮೂರು ಭಾಷೆಗಳ ನಡುವೆ ಬಾಳುವ ಮುಂಬೈ ಕನ್ನಡಿಗನಿಗೆ ಇದು ಸಣ್ಣ ಸೌಲಭ್ಯವಲ್ಲ.

ಮುಂಬೈ ಕನ್ನಡ ರಂಗಭೂಮಿಯನ್ನು ಕುರಿತು ಅಧ್ಯಯನ ಮಾಡುವ ವಿದ್ಯಾರ್ಥಿಯ ಉದಾಹರಣೆಯನ್ನು ಗಮನಿಸಬಹುದು. ಆತ ಮೊದಲು ಸಂಬಂಧಪಟ್ಟ ತಾಣಗಳ ಪಟ್ಟಿ ಮಾಡಿ, ಭಾಷೆಗೊಂದು ವಿಭಾಗದಂತೆ ರೀಡರಿನಲ್ಲಿ ಸೇರಿಸಿಕೊಳ್ಳಬೇಕು. ಅನಂತರ ಪದಗಳ ಮೂಲಕ ಸುದ್ದಿಯನ್ನು ಸೋಸಬಹುದು. ಇಲ್ಲಿ ಕಾಗುಣಿತದ ಎಚ್ಚರ ಅಗತ್ಯ: ‘ಮುಂಬೈ’ ಎಂದು ಹುಡುಕಿದರೆ ‘ಮುಂಬಯಿ’ ಎಂದು ಬರೆದ ವರದಿ ಸಿಗದೆ ಹೋಗಬಹುದು, ‘ಮಾಟುಂಗಾ’, ‘ಮಾಟುಂಗ’ಗಳ ಸ್ಥಿತಿಯೂ ಅದೇ. ಸಾಮಾಜಿಕ ಮಾಧ್ಯಮಗಳಲ್ಲಿ ಯಾವ ಸುದ್ದಿ ಮೊದಲು ಕಾಣಬೇಕೆಂಬುದನ್ನು ಬಹುಮಟ್ಟಿಗೆ ಆಯಾ ಸಂಸ್ಥೆಯ ಲೆಕ್ಕಾಚಾರ ನಿರ್ಧರಿಸುತ್ತದೆ. ಫೀಡ್‌ನಲ್ಲಿ ಆಕರಗಳ ಆಯ್ಕೆ ಓದುಗನದು, ಕ್ರಮ ಕಾಲಾನುಕ್ರಮದ್ದು. ಸಂಶೋಧನೆಗೆ ಈ ಎರಡು ಗುಣಗಳೂ ಅವಶ್ಯಕ.

ಹಾಗೆಂದು ಫೀಡ್ ಸಮಗ್ರ ಆಕರವಲ್ಲ. ಫೀಡ್ ಇಲ್ಲದ ತಾಣಗಳೂ, ಕೇವಲ ವಾಟ್ಸಾಪ್ ಮೂಲಕ ಆಮಂತ್ರಣ ಹಂಚುವ ಸಂಘಗಳೂ ಅದರ ವ್ಯಾಪ್ತಿಯಿಂದ ಹೊರಗುಳಿಯುತ್ತವೆ. ಫೀಡ್‌ನಲ್ಲಿ ಸುದ್ದಿ ಇಲ್ಲವೆಂಬ ಕಾರಣದಿಂದ ಘಟನೆಯೇ ನಡೆಯಲಿಲ್ಲವೆಂದು ತೀರ್ಮಾನಿಸುವುದು ಸಲ್ಲದು.

ಇದಕ್ಕಿಂತ ಮುಖ್ಯವಾದ ಮಿತಿಯೊಂದಿದೆ. ಫೀಡ್ ಹೊಸತನ್ನು ತಿಳಿಸುವುದೇ ಹೊರತು ಹಳೆಯದನ್ನು ಕಾಪಾಡುವುದಿಲ್ಲ. ವರ್ಡ್‌ಪ್ರೆಸ್ಸಿನ ಮೂಲ ವ್ಯವಸ್ಥೆಯಲ್ಲಿ ಕೊನೆಯ 10 ಬರಹಗಳು ಮಾತ್ರ ಫೀಡ್‌ನಲ್ಲಿರುತ್ತವೆ. ರೀಡರುಗಳೂ ಶಾಶ್ವತವಲ್ಲ. 2005ರ ಅಕ್ಟೋಬರಿನಲ್ಲಿ ಆರಂಭವಾಗಿ ಬಹುಜನಪ್ರಿಯವಾಗಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಸ್ಥಗಿತಗೊಂಡಿತು. ತಮ್ಮ ಆಕರಪಟ್ಟಿಯನ್ನು ಓಪಿಎಂಎಲ್ ಕಡತವಾಗಿ ಇಳಿಸಿಕೊಂಡಿದ್ದವರು ಅದನ್ನು ಬೇರೊಂದು ರೀಡರಿಗೆ ಸಾಗಿಸಬಹುದಾಗಿತ್ತು.

ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರಡಿಸಿದ ‘ಮಂಗಳೂರ ಸಮಾಚಾರ’ದ ಸಂಚಿಕೆಗಳು ಇಂದಿಗೂ ಅಧ್ಯಯನಕ್ಕೆ ಒದಗುತ್ತಿವೆ, ಏಕೆಂದರೆ ಅವುಗಳನ್ನು ಯಾರೋ ಸಂಗ್ರಹಿಸಿ ಇಟ್ಟರು. ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಸೇವೆ ಸಲ್ಲಿಸಿದ ಶ್ರೀನಿವಾಸ ಹಾವನೂರರು ‘ಹೊಸಗನ್ನಡದ ಅರುಣೋದಯ’ದಲ್ಲಿ ಹತ್ತೊಂಬತ್ತನೆಯ ಶತಮಾನದ ಕನ್ನಡ ಸಾಹಿತ್ಯದ ಚಿತ್ರವನ್ನು ಕಟ್ಟಿಕೊಡಲು ಸಾಧ್ಯವಾದುದು ಹೀಗೆ ಉಳಿದುಬಂದ ಸಾಮಗ್ರಿಯ ಬಲದಿಂದಲೇ. ಜಾಲತಾಣ ಮುಚ್ಚಿದರೆ ಅದರ ವರದಿ ಅಟ್ಟದ ಮೇಲೂ ಉಳಿಯುವುದಿಲ್ಲ. ಆದ್ದರಿಂದ ಫೀಡ್ ಮೂಲಕ ದೊರೆತ ಮಹತ್ವದ ಬರಹವನ್ನು ಅಂದೇ ಪ್ರತಿ ಮಾಡಿ, ಶೀರ್ಷಿಕೆ, ಲೇಖಕ, ತಾಣದ ಹೆಸರು, ಪ್ರಕಟಣೆಯ ದಿನಾಂಕ, ಜಾಲವಿಳಾಸ, ಪ್ರತಿ ಮಾಡಿದ ದಿನಾಂಕ ಇವಿಷ್ಟನ್ನೂ ಗುರುತಿಸಿಡುವುದು ವಿದ್ಯಾರ್ಥಿಗಳ ರೂಢಿಯಾಗಬೇಕು. ಅಂತಹ ಪ್ರತಿಗಳು ವಿಷಯಾನುಕ್ರಮವಾಗಿ ವಿಭಾಗದ ಗ್ರಂಥಾಲಯವನ್ನು ಸೇರಿದರೆ, ಇಂದಿನ ಮುಂಬೈ ಕನ್ನಡಿಗರ ಬದುಕನ್ನು ಮುಂದೊಮ್ಮೆ ಬರೆಯುವವರಿಗೆ ಆಕರಗಳ ಕೊರತೆ ಕಾಡದು.